ಚೆಕ್ ವಾಪಸ್ ಬಂದ ಕೂಡಲೇ ಜೈಲಲ್ಲ

ಮುಂಬಯಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಫಂಡ್ಸ್ ಇನ್‌ಸಫಿಶಿಯೆಂಟ್ ಅಂತ ಚೆಕ್ ವಾಪಸ್ ಬಂದರೆ ಖಾತೆ ಖಾಲಿ ಎಂದರ್ಥ, ಪೊಲೀಸರು ನೇರ ಹಿಡಿಯುತ್ತಾರೆ.’ ಎರಡೂ ತಪ್ಪು.

50,000 ರೂಪಾಯಿ ಚೆಕ್‌ಗೆ ಖಾತೆಯಲ್ಲಿ 49,900 ಇದ್ದರೂ ಬ್ಯಾಂಕಿನ ಚೀಟಿಯಲ್ಲಿ ಇದೇ ಕಾರಣ ಇರುತ್ತದೆ. ಹಣ ಸಾಲದು, ಅಷ್ಟೇ.

ಕೇಸು ಆಗಬಹುದು, ನಿಜ. ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಪ್ರಕಾರ ಚೆಕ್ ಪಡೆದವರು ಮೊದಲು ಬರೆದವರಿಗೆ ನೋಟಿಸ್ ಕೊಡಬೇಕು, ಚೆಕ್ ವಾಪಸಾದದ್ದು ಗೊತ್ತಾದ 30 ದಿನದೊಳಗೆ. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು 15 ದಿನ. ಕಟ್ಟಿದರೆ ಮುಗಿಯಿತು. ಇಲ್ಲದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು, ಅದೂ ಕೋರ್ಟಿಗೆ. ಸಾಲ, ಬಾಕಿಗೆ ಕೊಟ್ಟ ಚೆಕ್‌ಗಷ್ಟೇ ಇದು. ಸಂಘಕ್ಕೆ ಬರೆದ ದೇಣಿಗೆ ಚೆಕ್‌ಗಲ್ಲ.

ಹೋಟೆಲ್ ನಡೆಸುವವರು ಸುಮ್ನೆ ಹೆದರಿ ಜಾಸ್ತಿ ಬಡ್ಡಿಗೆ ಸಾಲ ಮಾಡಬೇಡಿ, ದಯವಿಟ್ಟು.