ಒಂದ್ ಮೊಳಿ ಹೊಡೀಲಿಲ್ಲ ನೋಡ್ರಿ

ಮೊನ್ನೆ ರಾತ್ರಿ ಎರಡೂವರೆಗೆ ಕಪಾಟಿನೊಳಗೆ ಧಡಲ್ ಅಂತ ಸಪ್ಪಳವಾಯಿತು. ಕಳ್ಳನೇ ಇರಬೇಕೆಂದು ನಾನು ಚಾದರ ಇನ್ನಷ್ಟು ಮೇಲಕ್ಕೆ ಎಳೆದುಕೊಂಡೆ. ಹೆಂಡತಿ ಎದ್ದು ಲೈಟ್ ಹಾಕಿ ಕಪಾಟು ತೆಗೆದಳು. ನನ್ನ ಶರ್ಟುಗಳು, ಅವಳ ಇಳಕಲ್ ಸೀರೆಗಳು, ಈಗ ಗುಂಡಿ ಹತ್ತದ ನನ್ನ ಮದುವೆ ಸೂಟು, ಮೇಲಿಂದ ಅವ್ವ ಹೊಲಿದ ನಾಲ್ಕು ಕೌದಿ, ಎಲ್ಲವೂ ಅವಳ ಕಾಲ ಮೇಲೆ.

ಮೇಲಿನ ಫಳಿಯ ಉದ್ದ 3 ಫೂಟು, ದಪ್ಪ 12 ಎಂಎಂ, ನಡುವೆ ಆಸರೆ ಇಲ್ಲ. ಧಾರವಾಡದ ಮಳೆಗಾಲದ ತಂಪು ಕುಡಿದು, ಹೋಳಿಗೆ ಊಟ ಮುಗಿಸಿದವರಂತೆ ಹೊಟ್ಟೆ ಬಿಟ್ಟಿತ್ತು. ಆ ಹೊಟ್ಟೆ ಕೆಳಗಿನ ರಾಡಿಗೆ ತಾಗಿ, ಪಾಪ, ರಾಡು ಬಟ್ಟೆಯ ಜೊತೆಗೆ ಫಳಿಯನ್ನೂ ಹೊತ್ತು ನಿಂತಿತ್ತು.

ಮುಂಜಾನೆ ಮನೆ ಮಾಲಕರಿಗೆ ಫೋನ್ ಮಾಡಿದೆ.

"ಹಿಂದಿನವರು ಎಂಟ್ ವರ್ಷ ಇದ್ರು. ಒಂದ್ ಮೊಳಿ ಹೊಡೀಲಿಲ್ಲ ನೋಡ್ರಿ."

ನಳ ಸೋರಿದಾಗಲೂ ಇದೇ ಮಾತು. ಬಚ್ಚಲ ಬಾಗಿಲು ಉಬ್ಬಿದಾಗಲೂ ಇದೇ. ಒಮ್ಮೆ ಓಣಿಯ ಕರೆಂಟೆಲ್ಲಾ ಹೋದಾಗಲೂ ಆ ಹಿಂದಿನವರನ್ನು ನೆನೆಸಿದ್ದರು. ಬೆಳಕಿಲ್ಲದೆಯೂ ಕಾಣುವಂಥ ಜನ ಇದ್ದಿರಬೇಕು.

"ಅಂಥವರ ಫೋಟೋ ಹಾಕಿ ದಿನಾ ಊದಿನಕಡ್ಡಿ ಹಚ್ಚೂಣು" ಅಂದೆ.

"ಹಾಕಾಕ ಮೊಳಿ ಬೇಕಲ್ರಿ" ಅಂದಳು ಹೆಂಡತಿ, ಕಾಲಿಗೆ ಬಾಮ್ ತಿಕ್ಕುತ್ತ.

ಸುಭಾಸ್ ರಸ್ತೆಗೆ ಹೋಗಿ ಹೊಸ ರಾಡಿಗೆಂದು ಜಿಐ ಪೈಪು ಕೇಳಿದೆ. "ಮೂರ್ ಫೂಟ್." ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ, "ಸೂತ ಎಷ್ಟ್ರಿ?" ಎಂದರು. ಇಂಚನ್ನು ಎಂಟು ಪಾಲು ಮಾಡಿ, ಒಂದೊಂದು ಪಾಲಿಗೂ ಸೂತ ಎಂದು ಬದುಕುವವರು ಅವರು. ನಾನೋ ಗೇಣಿನವನು. "ಸೂತ ಗೀತ ಏನಿಲ್ರಿ" ಅಂದೆ. ಮನೆಗೆ ತಂದರೆ ಎರಡು ಸೂತ ಹೆಚ್ಚು: ಎರಡೂ ಬದಿಯ ಸಾಕೆಟ್ಟಿನ ದಪ್ಪ ಕಳೆಯುವುದನ್ನು ಮರೆತಿದ್ದೆ. ಮತ್ತೆ ಪೈಪು ಹಿಡಿದು ಅದೇ ಅಂಗಡಿ. ಅವರು ಏನೂ ಅನ್ನಲಿಲ್ಲ, ಬರೇ ಗರಗಸ ತೆಗೆದುಕೊಂಡರು. ಅಂದಿದ್ದರೆ ಚೆನ್ನಾಗಿತ್ತು.

ಫಳಿಯನ್ನು ಬೋರಲು ಹಾಕಿದೆ. ಹೊಟ್ಟೆ ಹೋಗಿ ಗೂನಾಯಿತು, ಕೌದಿ ಹೇರಿದರೆ ತಾನೇ ನೆಟ್ಟಗಾಗುತ್ತದೆ. ಹಿಂದೆ ಉದ್ದಕ್ಕೂ ಕಟ್ಟಿಗೆಯ ರೀಪು ಕೊಟ್ಟೆ. ಇನ್ನು ಹಳೇ ರಾಡು ಗುಜರಿಗೆ ಎಂದು ಎತ್ತಿದರೆ ಒಳಗೆ ಗಡಗಡ. ಅದರ ನಡುವೆ ಸುತ್ತಿದ್ದ ಬಿಳಿ ಟೇಪನ್ನು ಇಷ್ಟು ದಿನ ಡಿಸೈನು ಅಂದುಕೊಂಡಿದ್ದೆ. ಬಿಚ್ಚಿದರೆ ಮೊದಲೇ ಮುರಿದಿದ್ದ ಎರಡು ತುಂಡು. ಅವನ್ನು ಕೂಡಿಸಿದ್ದು ಕೋಲಾಟದ ಕೋಲು! ಕೆಂಪು, ಹಸಿರು ಬಣ್ಣ. ಬಿಗಿಯಾಗಲೆಂದು ತುದಿಗೆ ಸುತ್ತಿದ ಅರಿವೆ. ಮೇಲೆ ಬಾಲ್‌ಪೆನ್ನಿನಲ್ಲಿ '6ನೇ ಬ'.

ಎಂಟು ವರ್ಷದ ಆ ಪುಣ್ಯವಂತರು! ನಗುತ್ತ ಹೆಂಡತಿಗೆ ತೋರಿಸಿದೆ. ಅವಳು ನಗಲಿಲ್ಲ. "ಜೋಡಿ ಕೋಲಿನಾಗಿಂದು ಒಂದು ಇಲ್ಲೈತಿ. ಸಾಲಿ ಗ್ಯಾದರಿಂಗಿನಾಗ ಆ ಕೂಸು ಹ್ಯಾಂಗ ಕುಣೀತೋ ಏನೋ" ಅಂದಳು.

ಸಂಜೆ ಡ್ರಿಲ್ಲಿನ ಸಪ್ಪಳ ಕೇಳಿ ಮಾಲಕರು ಬಂದೇಬಿಟ್ಟರು. ಬಾಯಿ ತೆಗೆಯುವ ಮೊದಲೇ ಕೈಗೆ ಕೋಲು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು, ಅಕ್ಷರ ಓದಿದರು.

"ಅವರ ಮಗಳದು. ಭಾಳ ಚಂದ ಕುಣೀತಿತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ರೀಪಿನ ಸ್ಕ್ರೂಗಳನ್ನು ಒಂದೊಂದಾಗಿ ಎಣಿಸಿ, ಕೋಲನ್ನು ಮೇಲೆತ್ತಿ ಹಿಡಿದರು.

"ಆದ್ರೂ ಮೊಳಿ ಹೊಡದಿಲ್ಲಲ್ರಿ?"