ಕಟ್ಟೆ ಎಷ್ಟಡಿ ಬಂತು?

ಮಳೆಗಾಲದಲ್ಲಿ ನಮ್ಮ ಮಂಡ್ಯದ ಕಡೆ ಯಾರು ಎದುರಾದರೂ ಮೊದಲ ಮಾತು ಇದೇ: ‘ಕಟ್ಟೆ ಎಷ್ಟಡಿ ಬಂತು?’ ಟೀ ಅಂಗಡಿಯವರಿಗೂ ಗೊತ್ತು, ಕಬ್ಬಿನ ಗಾಡಿಯವರಿಗೂ ಗೊತ್ತು. ಕೆಆರ್‌ಎಸ್ 124.80 ಅಡಿ ಮುಟ್ಟಿದರೆ ಹಬ್ಬ. ಒಳಹರಿವು, ಹೊರಹರಿವು ದಿನಾ ಪೇಪರ್‌ನಲ್ಲಿ ಬರುತ್ತದೆ. ಅದನ್ನು ನೋಡಿಕೊಂಡೇ ನಮ್ಮಪ್ಪ ಭತ್ತದ ಒಟ್ಲು ಬಿಡೋದು.

ಮೊನ್ನೆ ಮಗಳು, ‘ಅಪ್ಪ, ಅಂಟಾರ್ಕ್ಟಿಕಾಗೆ ಹೋಗಿ ಏನ್ ಮಾಡ್ತಾರೆ?’ ಅಂದಳು. ಅಳೀತಾರೆ, ಬರ್ಕೋತಾರೆ ಅಂದೆ. ‘ಅಷ್ಟೇನಾ?’ ಅಂತ ಮೂತಿ ತಿರುಗಿಸಿದಳು.

ಅಷ್ಟೇ. ಅಲ್ಲಿನ ಹ್ಯಾಲಿ ಅನ್ನುವ ಬ್ರಿಟಿಷ್ ಠಾಣೆಯಲ್ಲಿ 1950ರ ದಶಕದಿಂದ ಓಝೋನ್ ಅಳೆಯುತ್ತಿದ್ದರು. ಮೇಲೆ ಆಕಾಶದಲ್ಲಿ ಬಿಸಿಲಿನ ಕೆಟ್ಟ ಕಿರಣ ತಡೆಯುವ ಅನಿಲ ಅದು. ಬಿಸಿಲಿನ ನೇರಳಾತೀತ ಕಿರಣ ಎಷ್ಟು ಸೋಸಿ ಬರುತ್ತಿದೆ ನೋಡೋದು, ಬರೆಯೋದು. ಅಕ್ಟೋಬರ್‌ನಲ್ಲಿ 300 ಡಾಬ್ಸನ್ (ಓಝೋನ್ ಅಳೆಯುವ ಮಾನ) ಆಸುಪಾಸು ಇರುತ್ತಿದ್ದ ಅಂಕಿ 1984ರ ಹೊತ್ತಿಗೆ 200ರ ಹತ್ತಿರಕ್ಕೆ ಇಳಿದಿತ್ತು. ಬ್ರಿಟಿಷ್ ವಿಜ್ಞಾನಿ ಜೋ ಫಾರ್ಮನ್ ಮತ್ತು ಇಬ್ಬರು ಜೊತೆಗಾರರು 1985ರಲ್ಲಿ ಅದನ್ನು ಪ್ರಕಟಿಸಿದರು. ತಮಾಷೆ ಅಂದರೆ, ಉಪಗ್ರಹಕ್ಕೂ ಅದು ಕಂಡಿತ್ತು. ಇಷ್ಟು ಕಮ್ಮಿ ಇದ್ದರೆ ಅನುಮಾನವೇ ಅಂತ ಕಂಪ್ಯೂಟರ್ ಆ ಅಂಕಿಗಳನ್ನು ಪಕ್ಕಕ್ಕಿಟ್ಟಿತ್ತು! ಎರಡೇ ವರ್ಷದಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಫ್ರಿಜ್ಜು, ಸ್ಪ್ರೇಗಳಲ್ಲಿ ಬಳಸುತ್ತಿದ್ದ, ಓಝೋನ್ ತಿನ್ನುವ ಅನಿಲಕ್ಕೆ ಲಗಾಮು ಬಿತ್ತು.

ಗೆಳೆಯನಿಗೆ ಇದನ್ನು ಹೇಳಿದರೆ, ‘ನಮ್ಮ ದುಡ್ಡಲ್ಲಿ ಅಳೆದಿದ್ದನ್ನ ಬೇರೆ ದೇಶದೋರಿಗೆ ಯಾಕಪ್ಪ ಬಿಟ್ಟಿ ಕೊಡ್ಬೇಕು?’ ಅಂತಾನೆ. 1959ರಲ್ಲಿ ಅಮೆರಿಕ, ರಷ್ಯಾ ಹಾವು ಮುಂಗುಸಿ. ಆಗಲೂ ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದರು. ಅಲ್ಲಿ ಕಂಡದ್ದು, ಅಳೆದದ್ದು ಎಲ್ಲರಿಗೂ ಸಿಗಬೇಕು ಅಂತ ಅದರಲ್ಲೇ ಬರೆದುಕೊಂಡರು. ನಾವು ಸೇರಿದ್ದು 1983ರಲ್ಲಿ. ಮೈತ್ರಿ, ಭಾರತಿ ಅಂತ ನಮ್ಮ ಠಾಣೆಗಳೂ ಇವೆ. ಚಳಿಗಾಲದಲ್ಲಿ ಹಡಗು ಹೋಗಲಾಗದ ಕಡೆ ಕಡಲಿನ ಬಿಸಿ, ಉಪ್ಪು ಅಳೆದುಕೊಡೋದು ಯಾರು ಗೊತ್ತಾ? ಆನೆ ಸೀಲ್ ಅನ್ನುವ ಕಡಲಪ್ರಾಣಿ. ತಲೆಗೆ ಅಂಟಿಸಿದ ಪುಟ್ಟ ಯಂತ್ರ, ಅದು ಉಸಿರಿಗೆ ಮೇಲೆ ಬಂದಾಗ ಉಪಗ್ರಹಕ್ಕೆ ಸುದ್ದಿ ಮುಟ್ಟಿಸುತ್ತದೆ. ಹಳೇ ಕೂದಲು ಉದುರುವಾಗ ಯಂತ್ರವೂ ಬಿದ್ದುಹೋಗುತ್ತದೆ. ಈಗ ಹೇಳಿ, ಸೀಲ್ ಯಾವ ದೇಶದ್ದು?

ನಮ್ಮ ಕಡೆ ನೋಡಿ. ಹೋಬಳಿಯ ಹಳೇ ಮಳೆ ಲೆಕ್ಕ ಕೇಳಿಕೊಂಡು ಒಂದು ಕಚೇರಿಗೆ ಹೋಗಿದ್ದೆ. ‘ನಿಮಗ್ಯಾಕ್ರೀ ಅದು?’ ಅಂದರು. ಮೂರನೇ ಸಲಕ್ಕೆ ರಿಜಿಸ್ಟರ್ ಈಚೆ ಬಂತು, ಅಂಚೆಲ್ಲ ಗೆದ್ದಲು ಹಿಡಿದು. ಎರಡು ವರ್ಷ ಮಳೆ ಅರ್ಧಕ್ಕರ್ಧ ಕಮ್ಮಿ. ಬರ ಇರಬೇಕು ಅಂದುಕೊಂಡೆ. ಹೊರಗೆ ಕೂತಿದ್ದ ಹಳೇ ಜವಾನರು ನಕ್ಕರು: ‘ಆಗ ಮಳೆಮಾಪಕದ ಮ್ಯಾಲೆ ಹೊಂಗೆ ಕೊಂಬೆ ಬಾಗಿತ್ತು ಸಾ.’ ಇದೊಂದು ಸಾಲು ಆ ರಿಜಿಸ್ಟರ್‌ನಲ್ಲಿ ಬರೆದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಅಂಕಿ ಮುಚ್ಚಿಡೋದು ಒಂದು ತಪ್ಪು. ಅಳೆದದ್ದು ಹೇಗೆ ಅಂತ ಹೇಳದೆ ಇರೋದು ಅದಕ್ಕಿಂತ ಜಾಸ್ತಿ ಅಪಾಯ ಅಂತ ನನಗೆ ಅವತ್ತು ಅನ್ನಿಸಿತು.

ಮಗಳಿಗೆ ಹೊಂಗೆ ಕೊಂಬೆಯ ಕತೆ ಹಿಡಿಸಿದೆ. ತಾರಸಿ ಮೇಲೆ ಡಬ್ಬ ಇಟ್ಟು ಸ್ಕೇಲಿನಲ್ಲಿ ಮಳೆ ಅಳೆಯುತ್ತಿದ್ದಾಳೆ. ನೆನ್ನೆ ಅವಳ ಪುಸ್ತಕದಲ್ಲಿ ಇದ್ದದ್ದು: ‘ಮಂಗಳವಾರ, 11 ಮಿ.ಮೀ. ಆದರೆ ಬೆಕ್ಕು ಸ್ವಲ್ಪ ಕುಡಿದಿದೆ.’