ಅಜ್ಜಿಗೆ ಅಂಗಳ ಇತ್ತು, ನಮಗೆ ಬಾಲ್ಕನಿ

"ನಮ್ಮ ಅಜ್ಜಿಯ ಕಾಲದಲ್ಲಿ ಕಸವೇ ಇರಲಿಲ್ಲ" ಅನ್ನುವ ಬರಹ ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಜೊತೆಗೆ ಹಂಚಿನ ಮನೆಯ ಒಂದು ಫೋಟೋ. ಓದಲು ಚೆಂದ. ಆದರೆ ಮಂಗಳೂರಿನ ಬಿಜೈಯ ಎರಡು ಕೋಣೆಯ ಫ್ಲಾಟಿನಲ್ಲಿ ಕೂತವರಿಗೆ ಅದರಿಂದ ಏನು ಉಪಯೋಗ ಹೇಳಿ?

ಅಜ್ಜಿಗೆ ಅಂಗಳ ಇತ್ತು. ಗೆರಟೆ, ಸಿಪ್ಪೆ, ಒಣಗಿದ ಮಡಲು ಎಲ್ಲ ಬಚ್ಚಲೊಲೆಗೆ. ಬೂದಿ ಪಾತ್ರೆ ತಿಕ್ಕಲು, ಮಿಕ್ಕಿದ್ದು ತೆಂಗಿನ ಬುಡಕ್ಕೆ. ಮೀನು ತೊಳೆದ ನೀರು ಬಸಳೆಗೆ, ಅಕ್ಕಚ್ಚು ದನಕ್ಕೆ. ಹಲಸಿನ ಸೊಳೆ ಉಪ್ಪಿಗೆ ಹಾಕಲು, ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ತೂಗಿಸಲು ಮನೆ ತುಂಬ ಜನ ಇದ್ದರು. ಹೆಚ್ಚಿನವರು ಹೆಂಗಸರು. ಅವರ ದುಡಿಮೆಗೆ ಸಂಬಳ ಇರಲಿಲ್ಲ, ಹೊಗಳುವ ಬರಹಗಳಲ್ಲಿ ಅದರ ಸುದ್ದಿಯೂ ಇಲ್ಲ. ಈಗ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ಖರ್ಚು, ಕಸ ಕಮ್ಮಿ ಮಾಡಲು ಫ್ಲಾಟಿನಲ್ಲಿ ನಡೆಯುವುದು ಯಾವುದು ಅಂತ ನೋಡಬೇಕು, ಅಷ್ಟೇ.

ನನ್ನ ಪ್ರಕಾರ ಮೊದಲು ಗ್ಯಾಸ್. ಕುಚ್ಚಲಕ್ಕಿ ಬಿಡದ ನಮ್ಮಂಥವರಿಗೆ ಸಿಲಿಂಡರ್ ಬೇಗ ಖಾಲಿಯಾಗುವುದು ಅನ್ನದಿಂದಲೇ. ಬಿಸಿ ಹಿಡಿದಿಡುವ ಡಬ್ಬ ಇರುವ ಥರ್ಮಲ್ ಕುಕ್ಕರ್ ಇದ್ದರೆ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಹಾಗೆಯೇ ಡಬ್ಬದೊಳಗೆ ಇಳಿಸಿ ಮುಚ್ಚಿಟ್ಟರೆ ಸಾಕು. ಒಳಗಿನ ಬಿಸಿಯಲ್ಲೇ ಬೇಯುತ್ತದೆ. ನಾವು ಸ್ನಾನ, ತಿಂಡಿ ಮುಗಿಸುವ ಹೊತ್ತಿಗೆ ಅನ್ನ ತಯಾರು. ಕೆಲವು ಅಕ್ಕಿಗೆ ಹೊತ್ತು ಜಾಸ್ತಿ ಬೇಕು, ನೋಡಿಕೊಳ್ಳಿ. ತೆಳಿ, ಅಂದರೆ ಅನ್ನ ಬಸಿದ ಗಂಜಿನೀರು, ಮಾತ್ರ ಸಿಂಕಿಗೆ ಸುರಿಯಬೇಡಿ, ಉಪ್ಪು ಹಾಕಿ ಕುಡಿಯಿರಿ.

ಆಮೇಲೆ ಕರೆಂಟ್. ಮಂಗಳೂರಿನ ಸೆಕೆಗೆ ಫ್ಯಾನ್ ನಿಲ್ಲಿಸುವ ಮಾತೇ ಇಲ್ಲ. ಹಳೆಯ ಫ್ಯಾನಿಗೆ ಸುಮಾರು 75 ವ್ಯಾಟ್ ಬೇಕು, ಕಮ್ಮಿ ಕರೆಂಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಒಂದು ಫ್ಯಾನಿನಲ್ಲೇ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. "ಗೃಹಜ್ಯೋತಿ ಇದೆಯಲ್ಲ ಅಕ್ಕ, ಬಿಲ್ಲೇ ಸೊನ್ನೆ" ಅಂತ ಪಕ್ಕದ ಮನೆಯ ಹುಡುಗಿ ನಗುತ್ತಾಳೆ. ಸರಿ, ಆದರೆ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಮ್ಮ ತಲೆಗೇ. ಏಪ್ರಿಲ್, ಮೇಯಲ್ಲಿ ಗಡಿಯ ಹತ್ತಿರ ಇರುವ ಮನೆಗಳಿಗೆ ಈ ಫ್ಯಾನಿನ ಲೆಕ್ಕ ತುಂಬ ಮುಖ್ಯ.

ಮೀನಿನ ಬಗ್ಗೆ ಜಾಸ್ತಿ ಹೇಳಿದರೆ ಜಗಳವಾಗುತ್ತದೆ. ಜೂನ್, ಜುಲೈಯಲ್ಲಿ ಟ್ರಾಲ್ ಬೋಟುಗಳಿಗೆ ರಜೆ. ಆಗಲೂ ಅಂಜಲ್ ಮೀನೇ ಆಗಬೇಕು ಅಂತ ಹಟ ಹಿಡಿದರೆ ಉಳಿತಾಯದ ಮಾತು ಬಿಡಿ. ಒಣಮೀನಿನ ಚಟ್ನಿ ಇರುವುದು ಮತ್ತೆ ಯಾವಾಗಕ್ಕೆ?

ಬಿದಿರಿನ ಬ್ರಷ್, ಸ್ಟೀಲ್ ಸ್ಟ್ರಾ, "ಪರಿಸರಸ್ನೇಹಿ" ಅಂತ ಬರೆದ ಹೊಸ ಡಬ್ಬಿಗಳ ಬಗ್ಗೆ ನನಗೆ ಒಲವಿಲ್ಲ. ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಿ ಒಡೆಯುವವರೆಗೆ ಅದೇ ನಡೆಯಲಿ.

ಇನ್ನು ಹಸಿ ಕಸ. 2019ರ ಆಗಸ್ಟ್ ಮಳೆಗೆ ನಮ್ಮ ಊರಿನ ಕಸ ಹೋಗಿ ಬೀಳುವ ಪಚ್ಚನಾಡಿಯ ಕಸದ ಗುಡ್ಡ ಜಾರಿ ಪಕ್ಕದ ಮಂದಾರ ಅನ್ನುವ ಊರಿನ ತೋಟ, ಮನೆಗಳ ಮೇಲೆ ಬಂತು. ತೆಂಗು, ಅಡಿಕೆ ಮರಗಳು ಕಸದಡಿ ಹೋದವು, ಜನ ಮನೆ ಬಿಡಬೇಕಾಯಿತು. ಅದರಲ್ಲಿ ನಮ್ಮೆಲ್ಲರ ಅಡುಗೆಮನೆಯದ್ದೂ ಇತ್ತು, ಅಲ್ವಾ? ಹಾಗಾಗಿ ಗೊಬ್ಬರ ಮಾಡಲು ಬಾಲ್ಕನಿಯಲ್ಲಿ ತೂತು ಕೊರೆದ ಒಂದು ಹಳೆಯ ಬಕೆಟ್ ಇಟ್ಟಿದ್ದೇನೆ. ತರಕಾರಿ ಸಿಪ್ಪೆ ಹಾಕಿದಾಗೆಲ್ಲ ಅದರ ಮೇಲೆ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಒಣ ಎಲೆ ಹಾಕಬೇಕು. ವಾರಕ್ಕೊಮ್ಮೆ ಹುಳಿ ಮಜ್ಜಿಗೆ ಚಿಮುಕಿಸಿ ಮಗುಚಬೇಕು. ಮೀನಿನ ಮುಳ್ಳು ಬೇಡ, ಬೆಕ್ಕು ಬಿಡುವುದಿಲ್ಲ.

ಬೆಂಗಳೂರಿನವರ ವಿಡಿಯೋ ನೋಡಿ ಶುರು ಮಾಡಿದವರು ನಮ್ಮ ಮಳೆಗಾಲದಲ್ಲಿ ಸೋಲುತ್ತಾರೆ. ಇಲ್ಲಿ ಜೂನ್‌ನಿಂದ ಗಾಳಿಯೇ ಒದ್ದೆ. ಎಲೆ ಕಮ್ಮಿಯಾದರೆ ಬಕೆಟ್ ಕೆಸರಾಗಿ ನಾರುತ್ತದೆ, ಹುಳ ಹರಿಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ರಸ್ತೆ ಬದಿ ಉದುರುವ ಎಲೆಯನ್ನು ಗೋಣಿಯಲ್ಲಿ ತುಂಬಿಟ್ಟುಕೊಳ್ಳಬೇಕು. ಸಿಗದಿದ್ದರೆ ತೆಂಗಿನ ನಾರಿನ ಪುಡಿಯೂ ಆಗುತ್ತದೆ, ಆದರೆ ಅದಕ್ಕೆ ದುಡ್ಡು ಕೊಡಬೇಕು.

ಆ ಗೋಣಿ ಇಡುವುದೆಲ್ಲಿ ಅನ್ನುವುದೇ ಈಗಿನ ತಕರಾರು. ಮೆಟ್ಟಿಲ ಕೆಳಗಿನ ಜಾಗ ಸುಮ್ನೆ ಖಾಲಿ ಬಿದ್ದಿದೆ. ಅಸೋಸಿಯೇಶನ್‌ನವರು "ನೋಡಲು ಚೆಂದ ಕಾಣುವುದಿಲ್ಲ" ಅಂದರು. ಮುಂದಿನ ಮೀಟಿಂಗಿನಲ್ಲಿ ಮತ್ತೆ ಕೇಳುತ್ತೇನೆ. ನಮ್ಮ ಬಿಲ್ಡಿಂಗಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಅವತ್ತು ದಯವಿಟ್ಟು ಬನ್ನಿ, ನನ್ನ ಕಡೆ ಕೈ ಎತ್ತಿ.